ಊರು ಬಿಟ್ಟವರ ಜಾತಿ ಪ್ರಮಾಣಪತ್ರ

ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ಕಲ್ಯಾಣದಲ್ಲಿ ಇಳಿದು, ನವಿ ಮುಂಬಯಿಯ ನಾಕಾಗಳಲ್ಲಿ ಕೂಲಿಗೆ ನಿಂತ ಕುಟುಂಬಗಳು ನಮ್ಮ ಸುತ್ತ ಅನೇಕ. ಅವರ ಮಕ್ಕಳು ಠಾಣೆ, ಡೊಂಬಿವಲಿಗಳ ಶಾಲೆಗಳಲ್ಲಿ ಮರಾಠಿಯಲ್ಲಿ ಓದಿ, ಮನೆಯಲ್ಲಿ ಕನ್ನಡವಾಡಿ ಬೆಳೆಯುತ್ತಾರೆ. ಹನ್ನೆರಡನೆಯ ತರಗತಿ ಮುಗಿದಾಗ ಪ್ರಶ್ನೆಯೊಂದು ಎದುರಾಗುತ್ತದೆ: ಅಪ್ಪನಿಗೆ ಊರಿನ ತಹಶೀಲ್ದಾರರು ಕೊಟ್ಟ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಇಲ್ಲಿ ನಡೆಯುವುದೇ?

ನಡೆಯದು ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಮೊದಲ ಮುಖ್ಯ ತೀರ್ಪು ಹುಟ್ಟಿದ್ದೇ ಮುಂಬಯಿಯ ಪರೇಲಿನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ಪ್ರವೇಶದ ವ್ಯಾಜ್ಯದಿಂದ. ಆಂಧ್ರದಲ್ಲಿ ಹುಟ್ಟಿ, ಬಾಲ್ಯದಲ್ಲೇ ತಂದೆಯೊಡನೆ ಮುಂಬಯಿಗೆ ಬಂದು ಇಲ್ಲಿಯೇ ಓದಿದ ವಿದ್ಯಾರ್ಥಿಗೆ ಪರಿಶಿಷ್ಟ ಪಂಗಡದ ಸೀಟು ಸಿಗಲಿಲ್ಲ. 1990ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಸಂವಿಧಾನದ 341 ಮತ್ತು 342ನೆಯ ವಿಧಿಗಳು ಪಟ್ಟಿಯನ್ನು ಆಯಾ ರಾಜ್ಯಕ್ಕೆ ಸಂಬಂಧಿಸಿದಂತೆ ಮಾತ್ರ ಮಾಡಿವೆ. ಒಂದು ಸಮುದಾಯ ಒಂದು ನೆಲದಲ್ಲಿ ಉಂಡ ನೋವಿಗೆ ಆ ನೆಲವೇ ಅಳತೆ ಎಂಬುದು ತರ್ಕ. ಮಹಾರಾಷ್ಟ್ರದ ಕ್ರಿಯಾ ಸಮಿತಿಯೊಂದು ಹೂಡಿದ ಮೊಕದ್ದಮೆಯಲ್ಲಿ 1994ರಲ್ಲಿ ಇದೇ ನಿಲುವು ಬಂತು. 2018ರ ಆಗಸ್ಟ್ 30ರಂದು ಬೀರ್ ಸಿಂಗ್ ಪ್ರಕರಣದ ಸಂವಿಧಾನ ಪೀಠವೂ ಅದನ್ನೇ ದೃಢಪಡಿಸಿತು; ಆ ಪೀಠದಲ್ಲಿ ಕರ್ನಾಟಕದ ಇಬ್ಬರು, ಮೋಹನ ಶಾಂತನಗೌಡರ್ ಮತ್ತು ಎಸ್. ಅಬ್ದುಲ್ ನಜೀರ್, ಇದ್ದರೆಂಬುದು ನಮ್ಮ ಗಮನಕ್ಕೆ ಬಾರದಿರಲಿಲ್ಲ.

ಇಲ್ಲಿಯ ದಲಿತರಿಗೆ ಈ ತರ್ಕದಲ್ಲಿ ನ್ಯಾಯವಿದೆ. ದೇಶದ ಎಲ್ಲೆಡೆಯಿಂದ ಬಂದವರೆಲ್ಲ ಅವರ ಪಾಲಿಗೆ ಕೈಚಾಚಿದರೆ ಅವರಿಗುಳಿಯುವುದೇನು? ಅದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ನೆಲವೇ ಅಳತೆಯಾದರೆ, ಕಲ್ಯಾಣದಲ್ಲೇ ಹುಟ್ಟಿ, ಕಲ್ಯಾಣದ ಗುಡಿಸಲಲ್ಲೇ ಬೆಳೆದ ಮಗುವಿನ ನೆಲ ಯಾವುದು? ಕಾನೂನಿನ ಉತ್ತರ: ಅಪ್ಪ ಬಿಟ್ಟುಬಂದ ಊರು. ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಪಂಗಡಕ್ಕೆ ಅದೇ ವರ್ಷದ ಸೆಪ್ಟೆಂಬರ್ 6ರಂದು ಕುಟುಂಬ ಮಹಾರಾಷ್ಟ್ರದಲ್ಲಿ ನೆಲೆಸಿತ್ತೆಂದು ತೋರಿಸಬೇಕು. ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13. ಕೂಲಿಕಾರನ ಅಜ್ಜನ ಹೆಸರಲ್ಲಿ ಯಾವ ಕಚೇರಿ ಕಾಗದ ಕೂಡಿಟ್ಟಿದೆ? ಇನ್ನು ಮಹಾರಾಷ್ಟ್ರದ ಪಟ್ಟಿಯಲ್ಲಿ ಹೊಲೆಯ, ಮಾದಿಗ್ ಮುಂತಾದ ಕನ್ನಡದ ಹೆಸರುಗಳೇ ಇವೆ, ಹಳೆಯ ಮುಂಬಯಿ ಪ್ರಾಂತದ ಋಣವಾಗಿ. ಹೆಸರು ಎರಡೂ ಪಟ್ಟಿಯಲ್ಲಿದ್ದರೂ ವಲಸೆ ಬಂದವನಿಗೆ ಅದು ದಕ್ಕದು. ಕರ್ನಾಟಕಕ್ಕೆ ಹಿಂದಿರುಗಿ ಸೀಟು ಕೇಳೋಣವೆಂದರೆ ಏಳು ವರ್ಷ ಅಲ್ಲಿ ಓದಿರಬೇಕೆಂಬುದು ಸಾಮಾನ್ಯ ನಿಯಮ. ಎರಡೂ ಮನೆಗಳ ಬಾಗಿಲಲ್ಲಿ ಅತಿಥಿ.

ಪಡಿತರದ ವಿಷಯದಲ್ಲಿ ಇದೇ ನ್ಯಾಯಾಲಯ ಬೇರೆ ದಾರಿ ಹಿಡಿಯಿತು. ಕೊರೋನಾ ಕಾಲದ ವಲಸೆ ಕಾರ್ಮಿಕರ ಪ್ರಕರಣದಲ್ಲಿ 2021ರ ಜೂನ್ 29ರಂದು, ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯನ್ನು ಜುಲೈ 31ರೊಳಗೆ ಎಲ್ಲ ರಾಜ್ಯಗಳೂ ಜಾರಿಗೊಳಿಸಬೇಕೆಂದಿತು. ಯಾದಗಿರಿಯ ಚೀಟಿಗೆ ಕೇಂದ್ರದ ಪಾಲಿನ ಅಕ್ಕಿ ಇಂದು ಡೊಂಬಿವಲಿಯ ಅಂಗಡಿಯಲ್ಲಿ ದೊರೆಯಬಹುದು. ಅಕ್ಕಿಯೂ ಸೀಟೂ ಒಂದೇ ಅಲ್ಲ, ನಿಜ. ಆದರೂ ಹೊಟ್ಟೆಯ ಹಕ್ಕಿಗೆ ಗಡಿ ದಾಟುವ ದಾರಿ ತೆರೆಯಬಲ್ಲವರು ಎರಡನೆಯ ತಲೆಮಾರಿನ ಓದಿಗೂ ಒಂದು ದಾರಿ ಯೋಚಿಸಬಹುದು. 1990ರ ಪೀಠವೇ ಇದನ್ನು ಶಾಸನಸಭೆಗಳೂ ಸಂಸತ್ತೂ ಪರಿಶೀಲಿಸಬೇಕಾದ ವಿಷಯವೆಂದಿತ್ತು. ಮೂರು ದಶಕ ಮೀರಿದರೂ ಕಾನೂನು ಬರಲಿಲ್ಲ. ಹೆಸರು ಎರಡೂ ಪಟ್ಟಿಯಲ್ಲಿದ್ದು, ಶಾಲಾ ಶಿಕ್ಷಣವೆಲ್ಲ ಇಲ್ಲಿಯೇ ಆಗಿದ್ದರೆ, ಸ್ಥಳೀಯರ ಪಾಲಿಗೆ ಕೈಹಾಕದೆ ಹೆಚ್ಚುವರಿ ಸೀಟು ಕೊಡಬೇಕೆಂಬುದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ತಿಳಿದಿರಬೇಕಾದುದೊಂದಿದೆ: ಊರಿನ ಪ್ರಮಾಣಪತ್ರ ಕೇಂದ್ರ ಸರ್ಕಾರದ ಹುದ್ದೆಗಳಿಗೂ ಕೇಂದ್ರೀಯ ವಿದ್ಯಾಸಂಸ್ಥೆಗಳಿಗೂ ನಡೆಯುತ್ತದೆ. ಇದನ್ನು ತಿಳಿಯದೆ ಸಾಮಾನ್ಯ ವರ್ಗದಲ್ಲೇ ಅರ್ಜಿ ಹಾಕಿದ ಮಕ್ಕಳನ್ನು ನಾವು ಬಲ್ಲೆವು. ರಾಜ್ಯೋತ್ಸವಕ್ಕೆ ಪೆಂಡಾಲು ಹಾಕುವ ನಮ್ಮ ಸಂಘಗಳು ಜೂನ್ ತಿಂಗಳಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿ ಈ ಅರ್ಜಿಗಳನ್ನು ತುಂಬಿಸಿಕೊಡಬಾರದೇಕೆ?