ಗುಜರಿ ಪಾತ್ರೆಯಿಂದ ಸೆರಾಮಿಕ್ ಪುಡಿ

ಹೆಂಚಿನ ಊರಿನವರಾದ ನಮಗೆ ಸೆರಾಮಿಕ್ ಎಂದರೆ ಹೊಳೆಬದಿಯ ಆವೆಮಣ್ಣು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೂ ಆ ಮಣ್ಣನ್ನು ನಂಬಿ. ಆದರೆ ಸ್ಪಾರ್ಕ್ ಪ್ಲಗ್‌ನ ಬಿಳಿ ಭಾಗಕ್ಕೆ, ಕುಲುಮೆಯ ಇಟ್ಟಿಗೆಗೆ ಅಲ್ಯೂಮಿನಾ ಎಂಬ ಪುಡಿ ಬೇಕು. ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಅದನ್ನು ತೆಗೆಯುತ್ತಾರೆ. ಒಂದು ಟನ್ ಪುಡಿಗೆ ಸುಮಾರು ಒಂದರಿಂದ ಒಂದೂವರೆ ಟನ್ ಕೆಂಪು ಕೆಸರು ಉಳಿಯುತ್ತದೆ. 2010ರಲ್ಲಿ ಹಂಗೇರಿಯಲ್ಲಿ ಇಂಥ ಕೆಸರಿನ ಕಟ್ಟೆ ಒಡೆದು ಹತ್ತು ಮಂದಿ ಸತ್ತರು.

ಇದಕ್ಕೆ ಇನ್ನೊಂದು ದಾರಿಯೂ ಇದೆ. ನೀರಿನಲ್ಲಿ ಅಲ್ಯೂಮಿನಿಯಂ ಚೂರುಗಳನ್ನು ಹಾಕಿ ವಿದ್ಯುತ್ತನ್ನು ಬಿಟ್ಟು ಬಿಟ್ಟು ಹಾಯಿಸಿದರೆ ಚೂರುಗಳ ನಡುವೆ ಕಿಡಿ ಹಾರುತ್ತದೆ. ಕಿಡಿ ತಾಗಿದ ಕಡೆ ಲೋಹ ಕರಗಿ ಸಿಡಿದು, ನೀರಿನೊಂದಿಗೆ ಸೇರಿ ಹೈಡ್ರಾಕ್ಸೈಡ್ ಆಗುತ್ತದೆ. ಅದನ್ನು ಒಣಗಿಸಿ ಚೆನ್ನಾಗಿ ಕಾಯಿಸಿದರೆ ಅಲ್ಯೂಮಿನಾ. ಕಾಸ್ಟಿಕ್ ಬೇಡ, ಕೆಸರಿಲ್ಲ. ಜೊತೆಗೆ ಹೊರಬರುವ ಹೈಡ್ರೋಜನ್ ಅನ್ನು ಹುಷಾರಾಗಿ ಹಿಡಿದಿಟ್ಟರೆ ಅದೂ ಇಂಧನವೇ.

ಚಪ್ಪಾಳೆ ತಟ್ಟುವ ಮೊದಲು ಒಂದು ಮಾತು. ಅಲ್ಯೂಮಿನಿಯಂ ಹುಟ್ಟುವುದೇ ಅಲ್ಯೂಮಿನಾದಿಂದ! ಹೊಸ ಲೋಹ ತಂದು ಮತ್ತೆ ಪುಡಿ ಮಾಡಿದರೆ ಕೆಸರು ಬೇರೆ ಯಾರದೋ ಊರಿನಲ್ಲಿ ಬಿದ್ದಿರುತ್ತದೆ, ಅಷ್ಟೆ. ಆದ್ದರಿಂದ ನನ್ನ ಕಣ್ಣು ಕಾವೂರಿನ ಗುಜರಿ ಅಂಗಡಿಗಳ ಮೇಲೆ. ತೂತುಬಿದ್ದ ಪಾತ್ರೆ, ಮುರಿದ ಕಿಟಕಿ ಚೌಕಟ್ಟು. ಇವುಗಳಲ್ಲಿ ಸಿಲಿಕಾನ್, ಮೆಗ್ನೀಸಿಯಂ ಬೆರೆತಿರುವುದರಿಂದ ಪುಡಿ ಅಪ್ಪಟವಾಗಲಾರದು. ಆದರೂ ಕುಲುಮೆಯ ಇಟ್ಟಿಗೆಗಾದರೂ ಆದೀತೇ? ಸುರತ್ಕಲ್‌ನ ಎನ್‌ಐಟಿಕೆ ಇಲ್ಲಿಂದ ದೂರವೇನಿಲ್ಲ. ಅಲ್ಲಿನ ವಿದ್ಯಾರ್ಥಿಗಳು ಇದನ್ನು ಪ್ರಾಜೆಕ್ಟ್ ಆಗಿ ಎತ್ತಿಕೊಳ್ಳಲಿ. ಒಂದು ಕಿಲೋ ಪುಡಿಗೆ ಎಷ್ಟು ಯೂನಿಟ್ ಕರೆಂಟ್ ಎಂಬುದನ್ನೂ ಅಳೆಯಲಿ, ಪಡುಬಿದ್ರಿ ಬಳಿಯ ವಿದ್ಯುತ್ ಸ್ಥಾವರ ಉರಿಸುವುದು ಕಲ್ಲಿದ್ದಲನ್ನು.