‘ಉಪ’ ಎಂಬ ಎರಡಕ್ಷರದ ಬೆಲೆ

2025ರ ಅಕ್ಟೋಬರ್ 17ರಂದು ಗುಜರಾತಿನ ಸಚಿವ ಸಂಪುಟ ಪುನಾರಚನೆಗೊಂಡು, ಹರ್ಷ ಸಂಘವಿಯವರು ಉಪಮುಖ್ಯಮಂತ್ರಿಗಳಾದರು. ನಮ್ಮ ಸಮಾಜದವರೊಬ್ಬರಿಗೆ ದೊರೆತ ಸ್ಥಾನವೆಂದು ಮುಂಬಯಿ, ಪುಣೆಗಳ ಜೈನ ಬಳಗಗಳಲ್ಲಿ ಅಭಿನಂದನೆಗಳು ಹರಿದಾಡಿದವು. ಮೂರು ವಾರಗಳೂ ತುಂಬುವ ಮೊದಲೇ, ನವೆಂಬರ್ 4ರಂದು, ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಗಜಾಲಾ ಹಾಶ್ಮಿಯವರು ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಚುನಾಯಿತರಾದರು. ಅವರು 1964ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿ, ನಾಲ್ಕರ ವಯಸ್ಸಿನಲ್ಲಿ ಅಮೆರಿಕ ಸೇರಿದವರು. ಹೈದರಾಬಾದಿನ ವಾಚಕರು ಈ ಸುದ್ದಿಯನ್ನೂ ಅಷ್ಟೇ ಸಂತೋಷದಿಂದ ಹಂಚಿಕೊಂಡರು.

ಎರಡೂ ‘ಎರಡನೆಯ ಸ್ಥಾನ’ಗಳೇ. ಎರಡನ್ನೂ ಪಡೆದವರು ಸಂಖ್ಯೆಯಲ್ಲಿ ಚಿಕ್ಕದಾದ ಸಮುದಾಯಕ್ಕೆ ಸೇರಿದವರು. ಆದರೆ ಈ ಎರಡು ಹುದ್ದೆಗಳ ಹುಟ್ಟು, ಹೊಣೆ ಮತ್ತು ಆಯುಷ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ನಾವು ಯಾವುದಕ್ಕೆ ಹೆಮ್ಮೆ ಪಡಬೇಕು, ಯಾವುದನ್ನು ಪ್ರಶ್ನಿಸಬೇಕು ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ವರ್ಜೀನಿಯಾವನ್ನು ನೋಡೋಣ. ಅಲ್ಲಿ 1851ರ ಸಂವಿಧಾನದ ಕಾಲದಿಂದ ಲೆಫ್ಟಿನೆಂಟ್ ಗವರ್ನರನ್ನು ಜನರೇ ನೇರವಾಗಿ ಆರಿಸುತ್ತಾರೆ. ಗವರ್ನರ್ ಹುದ್ದೆಗೆ ಒಂದು ಮತ, ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಪ್ರತ್ಯೇಕವಾಗಿ ಇನ್ನೊಂದು ಮತ. ಆದ್ದರಿಂದ ಇಬ್ಬರೂ ಒಂದೇ ಪಕ್ಷದವರಾಗಿರಬೇಕೆಂಬ ನಿಯಮವಿಲ್ಲ. 2006ರಿಂದ 2010ರವರೆಗೆ ಡೆಮಾಕ್ರಟಿಕ್ ಪಕ್ಷದ ಟಿಮ್ ಕೇನ್ ಗವರ್ನರ್ ಆಗಿದ್ದಾಗ, ರಿಪಬ್ಲಿಕನ್ ಪಕ್ಷದ ಬಿಲ್ ಬೋಲಿಂಗ್ ಲೆಫ್ಟಿನೆಂಟ್ ಗವರ್ನರ್ ಆಗಿದ್ದರು.

ಹುದ್ದೆಯ ಕೆಲಸ ಮೇಲುನೋಟಕ್ಕೆ ಅಲ್ಪ. 40 ಸದಸ್ಯರ ಸೆನೆಟ್ಟಿನ ಅಧ್ಯಕ್ಷತೆ, ಮತಗಳು ಸಮನಾದಾಗ ನಿರ್ಣಾಯಕ ಮತ, ಗವರ್ನರ್ ಸ್ಥಾನ ತೆರವಾದರೆ ಆ ಸ್ಥಾನಕ್ಕೆ ಏರುವುದು. ವೇತನ ವರ್ಷಕ್ಕೆ ಸುಮಾರು 36 ಸಾವಿರ ಡಾಲರ್; ಗವರ್ನರರಿಗೆ 1 ಲಕ್ಷ 75 ಸಾವಿರ. ಬಹುಕಾಲ ಇದನ್ನು ಅರೆಕಾಲಿಕ ಹುದ್ದೆಯೆಂದೇ ಪರಿಗಣಿಸಲಾಗಿದೆ. ಈ ಸಲದ ಪ್ರಚಾರವೂ ಗವರ್ನರ್ ಚುನಾವಣೆಯ ನೆರಳಿನಲ್ಲಿಯೇ ನಡೆಯಿತು. ಹಾಶ್ಮಿಯವರು ತಮ್ಮೊಡನೆ ಬಹಿರಂಗ ಚರ್ಚೆಗೆ ಬರಲಿಲ್ಲವೆಂದು, ಪ್ರತಿಸ್ಪರ್ಧಿ ಜಾನ್ ರೀಡ್ ಅವರು ಕೃತಕ ಬುದ್ಧಿಮತ್ತೆಯಿಂದ ರಚಿಸಿದ ಹಾಶ್ಮಿಯ ಪ್ರತಿರೂಪದೊಡನೆ ವಾದ ನಡೆಸಿದರು. ನೈಜ ಚರ್ಚೆ ನಡೆದಿದ್ದರೆ ಮತದಾರರಿಗೆ ಹೆಚ್ಚಿನ ಉಪಕಾರವಾಗುತ್ತಿತ್ತು.

ಆದರೂ ಈ ಅಲ್ಪ ಹುದ್ದೆ ರಾಜ್ಯದ ಗತಿಯನ್ನೇ ತಿರುಗಿಸಿದ ಸಂದರ್ಭಗಳಿವೆ. 2011ರ ಚುನಾವಣೆಯ ನಂತರ ಸೆನೆಟ್ಟಿನಲ್ಲಿ ಎರಡೂ ಪಕ್ಷಗಳಿಗೆ ತಲಾ 20 ಸ್ಥಾನಗಳು ಬಂದವು. ಬೋಲಿಂಗರ ಒಂದು ಮತದಿಂದ ಸದನದ ಸೂತ್ರ ರಿಪಬ್ಲಿಕನ್ನರ ಕೈಸೇರಿತು. 2014ರಲ್ಲಿ ಡೆಮಾಕ್ರಟ್ ಪಕ್ಷದ ರಾಲ್ಫ್ ನಾರ್ಥಮ್ ಆ ಪೀಠಕ್ಕೆ ಬಂದಾಗ, ಅದೇ ಸಮಬಲದ ಸದನ ಮತ್ತೊಂದು ಪಕ್ಷದ ಪಾಲಾಯಿತು. ಸದನ ಸಮಿತಿಗಳ ಅಧ್ಯಕ್ಷತೆ ಯಾರಿಗೆ, ಯಾವ ಮಸೂದೆ ಚರ್ಚೆಗೆ ಬರಬೇಕು ಎಂಬುದೆಲ್ಲ ಈ ಒಂದು ಮತದ ಮೇಲೆ ನಿಂತಿತು.

ಇನ್ನೂ ತೀವ್ರವಾದ ಪರೀಕ್ಷೆ ಬಂದದ್ದು 2019ರ ಫೆಬ್ರವರಿಯಲ್ಲಿ. ಆಗ ಗವರ್ನರ್ ಆಗಿದ್ದ ನಾರ್ಥಮ್, ವರ್ಣಭೇದ ಸೂಚಕವಾದ ಹಳೆಯ ಛಾಯಾಚಿತ್ರವೊಂದರ ಕಾರಣದಿಂದ ರಾಜೀನಾಮೆಯ ಒತ್ತಡಕ್ಕೆ ಸಿಲುಕಿದರು. ಲೆಫ್ಟಿನೆಂಟ್ ಗವರ್ನರ್ ಜಸ್ಟಿನ್ ಫೇರ್‌ಫ್ಯಾಕ್ಸ್ ಅವರ ಮೇಲೂ ಗಂಭೀರ ಆರೋಪಗಳು ಬಂದವು. ಅವರು ಅವನ್ನು ನಿರಾಕರಿಸಿದರು. ಮೂರನೆಯವರಾದ ಅಟಾರ್ನಿ ಜನರಲ್ ಕೂಡ ತಾರುಣ್ಯದಲ್ಲಿ ಮುಖಕ್ಕೆ ಕಪ್ಪು ಬಣ್ಣ ಹಚ್ಚಿಕೊಂಡದ್ದನ್ನು ಒಪ್ಪಿಕೊಂಡರು. ನಾಲ್ಕನೆಯವರು ವಿರೋಧ ಪಕ್ಷದ ಸಭಾಧ್ಯಕ್ಷರು. ಅವರ ಪಕ್ಷದ 51–49ರ ಬಹುಮತವಾದರೋ, ಮತಗಳು ಸಮನಾಗಿದ್ದ ಒಂದು ಕ್ಷೇತ್ರದ ಫಲಿತಾಂಶವನ್ನು 2018ರ ಜನವರಿಯಲ್ಲಿ ಬಟ್ಟಲಿನಿಂದ ಚೀಟಿ ಎತ್ತಿ ನಿರ್ಧರಿಸಿದ್ದರಿಂದ ಉಳಿದದ್ದು. ಕೊನೆಗೆ ಯಾರೂ ರಾಜೀನಾಮೆ ನೀಡಲಿಲ್ಲ. ಆದರೆ ಇಡೀ ಗೊಂದಲದ ನಡುವೆಯೂ ‘ಮುಂದೆ ಯಾರು?’ ಎಂಬ ಪ್ರಶ್ನೆಗೆ ಸಂವಿಧಾನದಲ್ಲಿ ಬರೆದಿಟ್ಟ ಉತ್ತರವಿತ್ತು. ವ್ಯಕ್ತಿಗಳು ಅಲುಗಿದರೂ ಕ್ರಮ ಅಲುಗಲಿಲ್ಲ.

ಅಮೆರಿಕದಲ್ಲೆಲ್ಲ ಒಂದೇ ಪದ್ಧತಿಯಿಲ್ಲ. ವರ್ಜೀನಿಯಾದ ನೆರೆಯ ಮೇರಿಲ್ಯಾಂಡಿನಲ್ಲಿ ಗವರ್ನರ್ ಮತ್ತು ಲೆಫ್ಟಿನೆಂಟ್ ಗವರ್ನರ್ ಇಬ್ಬರೂ ಜೋಡಿಯಾಗಿ ನಿಲ್ಲುತ್ತಾರೆ. ಜೋಡಿಗೆ ಒಂದೇ ಮತ. 2022ರಲ್ಲಿ ವೆಸ್ ಮೂರ್ ಅವರೊಡನೆ ಹೀಗೆ ಗೆದ್ದ ಅರುಣಾ ಮಿಲ್ಲರ್ ಕೂಡ ಹೈದರಾಬಾದಿನಲ್ಲಿಯೇ ಹುಟ್ಟಿದವರು, ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಅಲ್ಲಿ ಗವರ್ನರ್ ವಹಿಸಿದ ಕೆಲಸವೇ ಲೆಫ್ಟಿನೆಂಟ್ ಗವರ್ನರರ ಕೆಲಸ. ಟೆಕ್ಸಾಸಿನದು ಮತ್ತೊಂದು ತುದಿ. ಅಲ್ಲಿ ಪ್ರತ್ಯೇಕವಾಗಿ ಚುನಾಯಿತರಾಗುವ ಲೆಫ್ಟಿನೆಂಟ್ ಗವರ್ನರ್ ಸೆನೆಟ್ಟಿನ ಸಮಿತಿಗಳನ್ನು ತಾವೇ ರಚಿಸುತ್ತಾರೆ, ಕಾರ್ಯಸೂಚಿಯನ್ನು ಹಿಡಿತದಲ್ಲಿಡುತ್ತಾರೆ. ವಾರ್ಷಿಕ ವೇತನ 7,200 ಡಾಲರ್ ಮಾತ್ರವಾದರೂ, ರಾಜ್ಯದ ಅತ್ಯಂತ ಪ್ರಬಲ ಹುದ್ದೆಗಳಲ್ಲಿ ಅದು ಒಂದು. ಮೂರೂ ಕಡೆ ಸಮಾನವಾದದ್ದು ಎರಡು ಅಂಶ: ಮತದಾರನಿಗೆ ಎರಡನೆಯವರ ಹೆಸರು ಮೊದಲೇ ಗೊತ್ತಿರುತ್ತದೆ, ಮೊದಲನೆಯವರ ನಂತರ ಅವರೇ ಎಂಬುದೂ ಗೊತ್ತಿರುತ್ತದೆ.

ದೆಹಲಿಯ ವಾಚಕರಿಗೆ ಒಂದು ಮಾತು. ಅಲ್ಲಿಯ ಲೆಫ್ಟಿನೆಂಟ್ ಗವರ್ನರಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ದೆಹಲಿಯವರು ರಾಷ್ಟ್ರಪತಿಗಳಿಂದ ನೇಮಕಗೊಂಡವರು, ಜನರಿಂದ ಆಯ್ಕೆಯಾದವರಲ್ಲ.

ಈಗ ನಮ್ಮ ಉಪಮುಖ್ಯಮಂತ್ರಿ ಪದವಿ. ಸಂವಿಧಾನದ 164ನೆಯ ವಿಧಿಯಲ್ಲಿ ಮುಖ್ಯಮಂತ್ರಿ ಇದ್ದಾರೆ, ಇತರ ಮಂತ್ರಿಗಳಿದ್ದಾರೆ; ಉಪಮುಖ್ಯಮಂತ್ರಿಯ ಉಲ್ಲೇಖವೇ ಇಲ್ಲ. ದೇವಿಲಾಲ್ ಅವರು ಉಪಪ್ರಧಾನಿಯೆಂದು ಪ್ರಮಾಣವಚನ ಸ್ವೀಕರಿಸಿದ್ದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ ಆ ಪದ ಕೇವಲ ವಿವರಣಾತ್ಮಕ, ಅವರು ಮಂತ್ರಿಯೇ ಎಂದು ತೀರ್ಮಾನಿಸಿತು. 2024ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿಗಳ ನೇಮಕದ ವಿರುದ್ಧದ ಅರ್ಜಿಯನ್ನು ವಜಾ ಮಾಡುವಾಗಲೂ ಅದೇ ನಿಲುವು ತಳೆಯಿತು. ಅಂದರೆ ಕಾನೂನಿನ ದೃಷ್ಟಿಯಲ್ಲಿ ಇದೊಂದು ಬಿರುದು. ಹೆಚ್ಚಿನ ಅಧಿಕಾರವಿಲ್ಲ, ಉತ್ತರಾಧಿಕಾರದ ಹಕ್ಕಿಲ್ಲ, ಎಷ್ಟು ಜನರಿಗೆ ಕೊಡಬಹುದೆಂಬ ಮಿತಿಯೂ ಇಲ್ಲ.

ಮಿತಿ ಇಲ್ಲದ ಬಿರುದು ಹಂಚಿಕೆಯ ವಸ್ತುವಾಗುವುದು ಸಹಜ. 2019ರಲ್ಲಿ ಆಂಧ್ರಪ್ರದೇಶದಲ್ಲಿ ಐವರು ಉಪಮುಖ್ಯಮಂತ್ರಿಗಳಾದರು: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಹಾಗೂ ಕಾಪು ಸಮುದಾಯಗಳಿಗೆ ತಲಾ ಒಂದು. ಅದೇ ವರ್ಷ ಕರ್ನಾಟಕದಲ್ಲಿ ಗೋವಿಂದ ಕಾರಜೋಳ, ಅಶ್ವತ್ಥನಾರಾಯಣ, ಲಕ್ಷ್ಮಣ ಸವದಿ ಹೀಗೆ ಮೂವರು. ಗೋವೆಯಲ್ಲಿ 2019ರ ಮಾರ್ಚ್‌ನಲ್ಲಿ ಮನೋಹರ ಪರಿಕ್ಕರ್ ನಿಧನರಾದಾಗ, ಮಿತ್ರಪಕ್ಷಗಳ ಬೆಂಬಲಕ್ಕೆ ಪ್ರತಿಯಾಗಿ ನಡುರಾತ್ರಿ ಕಳೆದ ಮೇಲೆ ಎರಡು ಉಪಮುಖ್ಯಮಂತ್ರಿ ಸ್ಥಾನಗಳು ಹುಟ್ಟಿದವು. ಅವರಲ್ಲಿ ಒಬ್ಬರಾದ ಸುದಿನ್ ಢವಳೀಕರ್, ತಮ್ಮ ಪಕ್ಷದ ಇಬ್ಬರು ಶಾಸಕರು ಆಡಳಿತ ಪಕ್ಷಕ್ಕೆ ಹೋದೊಡನೆ, ಎರಡು ವಾರ ಕಳೆಯುವ ಮೊದಲೇ ಸಂಪುಟದಿಂದ ಹೊರಬಿದ್ದರು.

ನಿಜವಾದ ನಷ್ಟ ಕಾಣಿಸುವುದು ಸ್ಥಾನ ತೆರವಾದಾಗ. ಚೆನ್ನೈಯವರಿಗೆ ನೆನಪಿರಬಹುದು. 2016ರ ಡಿಸೆಂಬರ್ 5ರಂದು ಜಯಲಲಿತಾ ತೀರಿಕೊಂಡಾಗ ಮುಂದಿನವರಾರೆಂಬುದಕ್ಕೆ ಬರೆದಿಟ್ಟ ಉತ್ತರವಿರಲಿಲ್ಲ. ಪನ್ನೀರ್‌ಸೆಲ್ವಂ ಮುಖ್ಯಮಂತ್ರಿಯಾದರು, ಎರಡು ತಿಂಗಳಲ್ಲಿ ರಾಜೀನಾಮೆ ನೀಡಿದರು, ಬಂಡೆದ್ದರು. ಶಾಸಕರನ್ನು ಕೂವತ್ತೂರಿನ ರೆಸಾರ್ಟಿನಲ್ಲಿ ಕೂಡಿಹಾಕಲಾಯಿತು. ಪಳನಿಸ್ವಾಮಿ ಅಧಿಕಾರಕ್ಕೆ ಬಂದರು. 2017ರ ಆಗಸ್ಟಿನಲ್ಲಿ ಎರಡು ಬಣಗಳು ಒಂದಾದಾಗ ಪನ್ನೀರ್‌ಸೆಲ್ವಂ ಉಪಮುಖ್ಯಮಂತ್ರಿಯಾದರು. ಈ ಇಡೀ ಅವಧಿಯಲ್ಲಿ ಮತದಾರನನ್ನು ಯಾರೂ ಏನನ್ನೂ ಕೇಳಲಿಲ್ಲ.

ಗುಜರಾತಿನ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 2016ರಲ್ಲಿ ಮುಖ್ಯಮಂತ್ರಿಯಾದ ವಿಜಯ್ ರೂಪಾನಿ ನಮ್ಮ ಸಮಾಜದವರು. ಆಗ ಮುಖ್ಯಮಂತ್ರಿಯಾಗುವರೆಂದು ವ್ಯಾಪಕವಾಗಿ ನಿರೀಕ್ಷಿಸಲಾಗಿದ್ದ ನಿತಿನ್ ಪಟೇಲರು ಉಪಮುಖ್ಯಮಂತ್ರಿಯಾಗಿ ಐದು ವರ್ಷ ಕಳೆದರು. 2021ರ ಸೆಪ್ಟೆಂಬರಿನಲ್ಲಿ ರೂಪಾನಿ ರಾಜೀನಾಮೆ ಕೊಟ್ಟಾಗ ಸ್ಥಾನ ಹೋದದ್ದು ಪಟೇಲರಿಗಲ್ಲ, ಮೊದಲ ಬಾರಿಗೆ ಶಾಸಕರಾಗಿದ್ದ ಭೂಪೇಂದ್ರ ಪಟೇಲರಿಗೆ. ರೂಪಾನಿಯವರ ನಿರ್ಗಮನವೂ, ನಿತಿನ್ ಪಟೇಲರ ನಿರಾಶೆಯೂ ಪಕ್ಷದ ವರಿಷ್ಠರ ಕೋಣೆಯಲ್ಲಿ ನಿರ್ಧಾರವಾದವು. ಸಂಘವಿಯವರು ಸೂರತ್ತಿನ ಮಜೂರಾ ಕ್ಷೇತ್ರದಿಂದ ಮೂರು ಬಾರಿ ಗೆದ್ದವರು; ಅವರ ಸಾಮರ್ಥ್ಯದ ಬಗ್ಗೆ ಇಲ್ಲಿ ಪ್ರಶ್ನೆಯಿಲ್ಲ. ಆದರೆ ‘ಉಪ’ ಎಂಬ ಎರಡಕ್ಷರ ಅವರಿಗೆ ಬಂದದ್ದು ಮತಪೆಟ್ಟಿಗೆಯಿಂದಲ್ಲ. ಅದು ಹೋಗುವುದಕ್ಕೂ ಮತಪೆಟ್ಟಿಗೆಯ ಅಪ್ಪಣೆ ಬೇಕಿಲ್ಲ.

ಹಾಶ್ಮಿಯವರ ದಾರಿ ಬೇರೆ. ಸುಮಾರು ಮೂವತ್ತು ವರ್ಷ ಸಾಹಿತ್ಯದ ಅಧ್ಯಾಪಕಿಯಾಗಿದ್ದ ಅವರು 2019ರಲ್ಲಿ ರಿಪಬ್ಲಿಕನ್ನರ ಕೈಯಲ್ಲಿದ್ದ ಕ್ಷೇತ್ರವನ್ನು ಗೆದ್ದು ಸೆನೆಟ್ ಪ್ರವೇಶಿಸಿದರು. ಆ ಸದನದ ಮೊದಲ ಮುಸ್ಲಿಂ ಸದಸ್ಯರು ಅವರೇ. 2025ರ ಜೂನ್‌ನಲ್ಲಿ ಪಕ್ಷದ ಆಂತರಿಕ ಚುನಾವಣೆಯಲ್ಲಿ ಆರು ಜನ ಕಣದಲ್ಲಿದ್ದರು. ಶೇಕಡ 30ಕ್ಕೂ ಕಡಿಮೆ ಮತ ಪಡೆದು ಅತ್ಯಲ್ಪ ಅಂತರದಲ್ಲಿ ಗೆದ್ದರು. ನವೆಂಬರಿನಲ್ಲಿ ಇಡೀ ರಾಜ್ಯದ ಶೇಕಡ 55ರಷ್ಟು ಮತ ಪಡೆದರು. ಅವರ ಸಮುದಾಯದ ಮತಗಳಷ್ಟೇ ಆಗಿದ್ದರೆ ಠೇವಣಿಯ ಮಾತೂ ಏಳುತ್ತಿರಲಿಲ್ಲ. ಶಾಲೆ, ಆರೋಗ್ಯ, ಮನೆಬಾಡಿಗೆಗಳ ಬಗ್ಗೆ ಚಿಂತಿಸುವ ಅಪರಿಚಿತರು ಅವರನ್ನು ನಂಬಿದರು.

2011ರ ಜನಗಣತಿಯಂತೆ ದೇಶದಲ್ಲಿ ನಾವು ಸುಮಾರು 44.5 ಲಕ್ಷ, ನೂರಕ್ಕೆ ಅರ್ಧದಷ್ಟೂ ಇಲ್ಲ. ಸಮುದಾಯಕ್ಕೊಂದು ಬಿರುದು ಎಂಬ ಲೆಕ್ಕಾಚಾರದಲ್ಲಿ ಇಷ್ಟು ಚಿಕ್ಕ ಸಮಾಜ ಯಾವಾಗಲೂ ಕೊನೆಯ ಸಾಲಿನಲ್ಲಿಯೇ ನಿಲ್ಲುತ್ತದೆ. ಸಿಕ್ಕಾಗಲೂ ಅದು ಕೊಟ್ಟವರ ಕೃಪೆಯಾಗಿಯೇ ಉಳಿಯುತ್ತದೆ. ನಗರಪಾಲಿಕೆಯಿಂದ ಆರಂಭಿಸಿ ಎಲ್ಲರ ಮತ ಕೇಳಬಲ್ಲ ತರುಣ ತರುಣಿಯರನ್ನು ಬೆಳೆಸುವುದು ನಿಧಾನದ ಕೆಲಸ, ಆದರೆ ಅದರ ಫಲವನ್ನು ವರಿಷ್ಠರು ಒಂದು ಸಂಜೆಯಲ್ಲಿ ಕಸಿಯಲಾರರು.

ಉಪಮುಖ್ಯಮಂತ್ರಿ ಪದವಿಯಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುವುದಿಲ್ಲ. ಮೈತ್ರಿ ಸರ್ಕಾರಗಳನ್ನು ಅದು ಹಿಡಿದಿಟ್ಟಿದೆ. ಎಂದೂ ಮೊದಲ ಸಾಲಿಗೆ ಬಾರದ ವರ್ಗಗಳಿಗೆ ಗೌರವ ತಂದಿದೆ. ನಮ್ಮ ಸಂಸದೀಯ ವ್ಯವಸ್ಥೆಯಲ್ಲಿ ಅದಕ್ಕೆ ನೇರ ಚುನಾವಣೆ ಹೊಂದುವುದೂ ಇಲ್ಲ. ಆದರೆ ಲೆಕ್ಕಪರಿಶೋಧಕನಾಗಿ ನನಗೆ ಒಂದು ನಿಯಮ ಗೊತ್ತು: ಯಾವ ಹುದ್ದೆಯ ಕರ್ತವ್ಯವನ್ನು ಬರೆದಿಟ್ಟಿಲ್ಲವೋ ಆ ಹುದ್ದೆಯ ಲೆಕ್ಕ ಕೇಳಲಾಗದು. ಆದ್ದರಿಂದ ಮೂರು ಬೇಡಿಕೆ ಸಾಧ್ಯ. ಪಕ್ಷಗಳು ಚುನಾವಣೆಗೆ ಮೊದಲೇ ಮುಖ್ಯಮಂತ್ರಿ ಅಭ್ಯರ್ಥಿಯೊಡನೆ ಎರಡನೆಯವರನ್ನೂ ಹೆಸರಿಸಲಿ. ಮುಖ್ಯಮಂತ್ರಿ ಅಸ್ವಸ್ಥರಾದಾಗ ಅಥವಾ ವಿದೇಶದಲ್ಲಿದ್ದಾಗ ಯಾರು ಕಾರ್ಯ ನಿರ್ವಹಿಸುವರೆಂಬುದು ಸರ್ಕಾರದ ಕಾರ್ಯನಿರ್ವಹಣಾ ನಿಯಮಗಳಲ್ಲಿ ದಾಖಲಾಗಲಿ. ಒಂದು ರಾಜ್ಯಕ್ಕೆ ಒಬ್ಬರೇ ಸಾಕು.

ಇದೇ ಮೂರು ಪ್ರಶ್ನೆಗಳನ್ನು ನಮ್ಮ ಸಂಘ, ಟ್ರಸ್ಟುಗಳಲ್ಲಿಯೂ ಕೇಳಬಹುದು. ಐದಾರು ಉಪಾಧ್ಯಕ್ಷರಿದ್ದು, ಅಧ್ಯಕ್ಷರು ಹಾಸಿಗೆ ಹಿಡಿದಾಗ ಚೆಕ್ಕಿಗೆ ಸಹಿ ಹಾಕುವವರಿಲ್ಲದೆ ವಿದ್ಯಾರ್ಥಿವೇತನ ನಿಂತ ಸಂಸ್ಥೆಗಳನ್ನು ನನ್ನ ವೃತ್ತಿಯಲ್ಲಿ ಕಂಡಿದ್ದೇನೆ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ನಿಮ್ಮ ಸಂಸ್ಥೆಯ ನಿಯಮಾವಳಿಯನ್ನು ತೆರೆದು, ಉಪಾಧ್ಯಕ್ಷರ ಕೆಲಸವೇನೆಂದು ಬರೆದ ಕಲಂ ಎಲ್ಲಿದೆಯೆಂದು ಕೇಳಿ. ಇಲ್ಲದಿದ್ದರೆ ಅಂದೇ ತಿದ್ದುಪಡಿಯ ಪ್ರಸ್ತಾಪ ಮಂಡಿಸಿ.