ಈಗ ಏನನ್ನು ಕೇಳುತ್ತಿದ್ದೀರಿ?

ಕುಶಲಪ್ರಶ್ನೆಗಳಿಗೂ ಕಾಲಕಾಲಕ್ಕೆ ರೂಪಾಂತರವುಂಟು. "ಮಳೆ ಬೆಳೆ ಹೇಗೆ?" ಎಂಬುದು ನಮ್ಮ ಸೀಮೆಯ ಹಳೆಯ ಪ್ರಶ್ನೆ. ಆದರೆ ಸಂಗೀತದಲ್ಲಿ ಅಭಿರುಚಿಯುಳ್ಳ ಇಬ್ಬರು ಸಂಧಿಸಿದರೆ, ಮಳೆಬೆಳೆಗಳ ವಿಚಾರ ಮುಗಿಯುವುದಕ್ಕೆ ಮುಂಚೆಯೇ ಮತ್ತೊಂದು ಪ್ರಶ್ನೆ ಹೊರಡುವುದು: "ಈಗ ಏನನ್ನು ಕೇಳುತ್ತಿದ್ದೀರಿ?" ಸ್ಕಂದಗಿರಿಯ ಸುತ್ತಣ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ ಇಂತಹ ರಸಿಕರು ಅನೇಕರಿದ್ದಾರೆ. ಒಬ್ಬರು ಹೆಸರಿಸಿದ ರಿಕಾರ್ಡನ್ನು ಮತ್ತೊಬ್ಬರು ಮನೆಗೆ ಹೋಗಿ ಕೇಳುವುದು, ಕೇಳಿ ಬಂದು ಅದರ ಗುಣದೋಷಗಳನ್ನು ವಿಚಾರಿಸುವುದು, ಇದು ಅವರ ವಿನೋದ. ಈ ತಿಂಗಳು ಆ ಪ್ರಶ್ನೆಯನ್ನೇ ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ನಮ್ಮ ಮುತ್ತಾತಂದಿರಿಗೆ ಈ ಪ್ರಶ್ನೆ ಅರ್ಥವಾಗುತ್ತಿರಲಿಲ್ಲ. ಗಾಯಕನಿದ್ದಲ್ಲಿ ಗಾನ, ಅವನು ತಂಬೂರಿಗೆ ಗವಸು ತೊಡಿಸಿ ಹೊರಟನೆಂದರೆ ಗಾನವೂ ಅವನೊಡನೆ ಹೊರಟಿತು. ರಥೋತ್ಸವದಲ್ಲಿಯೋ ರಾಮನವಮಿಯ ಚಪ್ಪರದಲ್ಲಿಯೋ ಒಮ್ಮೆ ಕೇಳಿದ್ದನ್ನು ವರ್ಷವೆಲ್ಲ ಸ್ಮರಿಸಿಕೊಂಡಿರಬೇಕು. 1902ನೆಯ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪೆನಿಯ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಗೆ ಬಂದು ಗೌಹರ್ ಜಾನರ ಕಂಠವನ್ನು ತಟ್ಟೆಯ ಮೇಲೆ ಮುದ್ರಿಸಿಕೊಂಡನು. ಆಗ ವಿದ್ಯುತ್ತಿನ ಮೈಕು ಇರಲಿಲ್ಲ. ದೊಡ್ಡ ಕಹಳೆಯಂತಹ ಕೊಳವೆಯೊಳಕ್ಕೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕು. ತಟ್ಟೆಯ ಒಂದು ಮುಖಕ್ಕೆ ಸುಮಾರು 3 ನಿಮಿಷಗಳ ಅವಕಾಶ ಮಾತ್ರ. ಇರುಳೆಲ್ಲ ವಿಸ್ತರಿಸಬಹುದಾದ ರಾಗವನ್ನು ಅಷ್ಟರೊಳಗೆ ಅಡಕಮಾಡಿ, ಕಡೆಯಲ್ಲಿ ಆ ಮಹಿಳೆ ತನ್ನ ಹೆಸರನ್ನು ತಾನೇ ಉಚ್ಚರಿಸಿ ಮುಗಿಸುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಏರ್ಪಟ್ಟುದು 1908ರಲ್ಲಿ. ಆ ಗೌಹರ್ ಜಾನರು ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ತಟ್ಟೆಯ ಗಾನ ಬಡವರ ಸಂಗೀತ, ಎದುರು ಕುಳಿತು ಕೇಳುವುದೇ ಸಂಗೀತ ಎಂದು ವಾದಿಸುವ ಹಿರಿಯರುಂಟು. ಅವರಿಗೆ ಉತ್ತರವಾಗಿ ಗದಗಿನ ಒಬ್ಬ ಬಾಲಕನ ಕಥೆಯನ್ನು ಹೇಳಬಹುದು. ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮರಿಯ ರಿಕಾರ್ಡು ಅವನ ಕಿವಿಗೆ ಬಿದ್ದಿತು. ಹಾಗೆ ಹಾಡುವುದನ್ನು ಕಲಿಯದೆ ಬದುಕಿರಲಾರೆನೆಂದು ಅವನು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಟ್ಟನು. ಉತ್ತರದೇಶವನ್ನೆಲ್ಲ ಸುತ್ತಿ ಬಂದವನಿಗೆ ಗುರು ದೊರೆತುದು ತನ್ನ ಮನೆಯಿಂದ ಬಹುದೂರವಲ್ಲದ ಕುಂದಗೋಳದಲ್ಲಿ. ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ. ಆ ಬಾಲಕನೇ ಪಂಡಿತ ಭೀಮಸೇನ ಜೋಶಿ. ಅರಗಿನ ಒಂದು ತಟ್ಟೆ ಗುರುಪರಂಪರೆಯ ಬಾಗಿಲನ್ನು ತೆರೆಯಿತು. ಆದುದರಿಂದ ಮುದ್ರಿತ ಗಾನವನ್ನು ಹೀಗಳೆಯಬಾರದು. ಹೇಗೆ ಕೇಳಬೇಕೆಂಬುದನ್ನು ಮಾತ್ರ ಅರಿಯಬೇಕು.

ಬಳಿಕ ಸಾಧನಗಳು ಒಂದರ ಹಿಂದೊಂದು ಬಂದವು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ತಟ್ಟೆಯ ಜಾಗಕ್ಕೆ 1948ರಲ್ಲಿ ಮುಖವೊಂದಕ್ಕೆ 20 ನಿಮಿಷಕ್ಕೂ ಹೆಚ್ಚು ಹಾಡುವ ದೀರ್ಘವಾದನದ ತಟ್ಟೆ ಬಂದಿತು. 1963ರಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ ಅಂತಹ ತಟ್ಟೆಯಲ್ಲಿ ಪ್ರಕಟವಾಗಿ, ತಿರುಪತಿಗೆ ಸಮೀಪವಾದ ನಮ್ಮ ಸೀಮೆಯಲ್ಲಿ ಬೆಳಗಿನ ಗಡಿಯಾರವೇ ಆಗಿಹೋಯಿತು. ಧ್ವನಿಸುರುಳಿಯ ಕಾಲ ಬಂದಾಗ, 1978ರಲ್ಲಿ, ಕನ್ನಡ ಭಾವಗೀತೆಗಳ ಮೊದಲ ಸುರುಳಿಯಾದ "ನಿತ್ಯೋತ್ಸವ" ಹೊರಬಂದಿತು. ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು; ಕವಿ ಕೆ. ಎಸ್. ನಿಸಾರ್ ಅಹಮದರು, 1936ರಲ್ಲಿ ನಮ್ಮ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದವರು. ಪುಸ್ತಕವನ್ನು ಕೈಯಲ್ಲಿ ಹಿಡಿಯದ ಎಷ್ಟೋ ಮನೆಗಳಲ್ಲಿ ಕವಿತೆ ಅಡುಗೆಮನೆಯವರೆಗೆ ಪ್ರವೇಶಿಸಿದ್ದು ಈ ಸುರುಳಿಗಳ ಮೂಲಕ.

ಈಗಲಾದರೋ ಅಂಗೈಯಗಲದ ದೂರವಾಣಿಯಲ್ಲಿ ಲೋಕದ ಸಂಗೀತವೆಲ್ಲ ತುಂಬಿದೆ. ಬಾವಿಯಿಂದ ಸೇದಿ ಕುಡಿಯುತ್ತಿದ್ದವನನ್ನು ಹೊಳೆಯ ನಡುವೆ ನಿಲ್ಲಿಸಿದಂತಾಗಿದೆ. ಕಾಲು ನಿಮಿಷ ಕೇಳುವುದರೊಳಗೆ ಬೆರಳು ಮುಂದಿನ ಹಾಡಿಗೆ ಜಾರುವುದು. ಅಲ್ಲದೆ ಮನೆಯಲ್ಲಿ ನಾಲ್ವರಿದ್ದರೆ ನಾಲ್ವರ ಕಿವಿಗಳಲ್ಲೂ ಬೇರೆ ಬೇರೆ ಹಾಡು. ಸೂರ್ಯೋದಯವನ್ನು ನೋಡಲು ಸ್ಕಂದಗಿರಿಯನ್ನು ಹತ್ತುವ ಯುವಕರಲ್ಲಿ ಕೆಲವರು ಕಿವಿಯ ಬಿರಡೆಗಳನ್ನು ತೆಗೆಯದೆಯೇ ಇಳಿದು ಹೋಗುವರು. ಕಳವಾರ ದುರ್ಗದ ಬಿದ್ದ ಗೋಡೆಗಳಲ್ಲಿ ಗಾಳಿ ನುಡಿಯುವುದನ್ನು ಅವರು ಕೇಳುವುದೇ ಇಲ್ಲ. ಇತ್ತ ಗೌರಿಬಿದನೂರಿನ ಬಳಿ 1976ರಲ್ಲಿ ಸ್ಥಾಪಿತವಾದ ರೇಡಿಯೋ ದೂರದರ್ಶಕದ ವಿಜ್ಞಾನಿಗಳು ಸೂರ್ಯನಿಂದಲೂ ನಕ್ಷತ್ರಗಳಿಂದಲೂ ಬರುವ ಕ್ಷೀಣ ತರಂಗಗಳಿಗಾಗಿ ತಾಳ್ಮೆಯಿಂದ ಕಾದಿದ್ದಾರೆ. ಕೇಳುವುದೆಂದರೆ ಅದೊಂದು ತಪಸ್ಸು.

ಶ್ರವಣ, ಮನನ, ನಿದಿಧ್ಯಾಸನವೆಂದು ವೇದಾಂತಿಗಳು ಮೂರು ಮೆಟ್ಟಲುಗಳನ್ನು ಹೇಳುವರು. ಬ್ರಹ್ಮವಿದ್ಯೆಗೆ ಹೇಳಿದ ಕ್ರಮ ಗಾನವಿದ್ಯೆಗೂ ಸಲ್ಲುತ್ತದೆ. ಮೊದಲ ಸಲ ಕೇಳುವಾಗ ಸಾಹಿತ್ಯ ಮಾತ್ರ ಕಿವಿಗೆ ಬೀಳುವುದು. ಎರಡನೆಯ ಸಲ ರಾಗ, ಮೂರನೆಯ ಸಲ ಲಯ. ಹತ್ತನೆಯ ಸಲಕ್ಕೆ ಗಾಯಕನು ಉಸಿರು ತೆಗೆದುಕೊಳ್ಳುವ ಎಡೆಯೂ, ಪಿಟೀಲಿನವನು ಮೆಲ್ಲನೆ ಕೈಗೊಡುವ ಎಡೆಯೂ ತಿಳಿಯುವುದು. ಆಗ ಆ ಹಾಡು ನಮ್ಮದಾಯಿತು. "ಈಗ ಏನನ್ನು ಕೇಳುತ್ತಿದ್ದೀರಿ?" ಎಂಬ ಪ್ರಶ್ನೆಗೆ ಹೆಸರುಗಳ ಪಟ್ಟಿಯನ್ನೊಪ್ಪಿಸುವವನು ಮೊದಲ ಮೆಟ್ಟಲಿನಲ್ಲಿದ್ದಾನೆ, ಒಂದೇ ಹೆಸರನ್ನು ಹೇಳಿ, ಅದರಲ್ಲಿ ತನಗೆ ಕೇಳಿಸಿದ್ದೇನೆಂಬುದನ್ನು ಹೇಳುವವನು ಎರಡನೆಯದನ್ನು ಹತ್ತಿದ್ದಾನೆ.

ನಮ್ಮ ಕಡೆ ಈ ಪ್ರಶ್ನೆಗೆ ಬಂದ ಮೂರು ಉತ್ತರಗಳನ್ನು ಇಲ್ಲಿ ಕೊಡುತ್ತೇವೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಗೃಹಸ್ಥರೊಬ್ಬರು ಭೀಮಸೇನ ಜೋಶಿಯವರ ದಾಸರ ಪದಗಳನ್ನು ಕೇಳುತ್ತಾರೆ. "ನೂಲು ಎಳೆಯುವಾಗ ಎಳೆ ಕಡಿಯಬಾರದು, ಅವರ ಉಸಿರೂ ಹಾಗೆಯೇ ಕಡಿಯುವುದಿಲ್ಲ" ಎಂಬುದು ಅವರು ಕೊಟ್ಟ ಕಾರಣ. ಚಿಂತಾಮಣಿಯ ಗೃಹಿಣಿಯೊಬ್ಬರು ಕೈವಾರದ ಯೋಗಿ ನಾರೇಯಣರ ಕೀರ್ತನೆಗಳನ್ನು ಹೆಸರಿಸಿದರು. ತಾತಯ್ಯನವರ ಪದಗಳು ತೆಲುಗಿನಲ್ಲಿಯೂ ಇವೆ, ಕನ್ನಡದಲ್ಲಿಯೂ ಇವೆ. ಗುರುಪೂರ್ಣಿಮೆಯ ಸಮಯದಲ್ಲಿ ಕೈವಾರದಲ್ಲಿ ಹಗಲಿರುಳು ಬಿಡದೆ ಸಂಗೀತೋತ್ಸವ ನಡೆಯುತ್ತದೆ. ಅತ್ತೆ ತೆಲುಗು, ಸೊಸೆ ಕನ್ನಡವಾದ ಮನೆಯಲ್ಲಿ ಇಬ್ಬರೂ ಕೂಡಿ ಕೇಳಬಹುದಾದುದು ಇದೊಂದೇ ಎಂದು ಆಕೆ ನಕ್ಕರು. ಎರಡು ನುಡಿಗಳ ಗಡಿಯಲ್ಲಿ ಬಾಳುವ ನಮಗೆ ಇದು ನಗೆಯ ಮಾತು ಮಾತ್ರವಲ್ಲ.

ಮೂರನೆಯ ಉತ್ತರ ಚಿಕ್ಕಬಳ್ಳಾಪುರದ ಒಬ್ಬ ವಿಧುರರದು. "ನನ್ನ ಹೆಂಡತಿ ಗೌರಿಹಬ್ಬದಲ್ಲಿ ಹಾಡಿದ ಆರತಿಯ ಹಾಡನ್ನು ಕೇಳುತ್ತಿದ್ದೇನೆ" ಎಂದರು. ಮಗನು ಹುಡುಗನಾಗಿದ್ದಾಗ ಆಟಕ್ಕೆಂದು ತುಂಬಿಕೊಂಡ ಧ್ವನಿಸುರುಳಿಯಂತೆ ಅದು. ಅದರಲ್ಲಿ ಹಾಡಿನೊಡನೆ ಪಾತ್ರೆಯ ಸದ್ದಿದೆ, ಬೀದಿಯಲ್ಲಿ ಹೂವು ಮಾರುವವಳ ಕೂಗಿದೆ, "ಸಾಕು, ನಿಲ್ಲಿಸೋ" ಎಂಬ ಮಾತಿದೆ. ಸುರುಳಿಯ ಮತ್ತೊಂದು ಮುಖದಲ್ಲಿ ಇದ್ದುದರ ಮೇಲೆ ಯಾರೋ ಸಿನಿಮಾ ಹಾಡುಗಳನ್ನು ತುಂಬಿಬಿಟ್ಟಿದ್ದಾರೆ. ಉಳಿದುದು ಈ ಏಳು ನಿಮಿಷ.

ಈ ಉತ್ತರದಲ್ಲಿ ಗೃಹಸ್ಥರೆಲ್ಲರೂ ಗಮನಿಸತಕ್ಕ ಅಂಶವೊಂದಿದೆ. ಪ್ರಸಿದ್ಧರ ರಿಕಾರ್ಡು ನಮ್ಮ ಮನೆಯಲ್ಲಿ ಒಡೆದರೆ ಮತ್ತೊಬ್ಬರ ಮನೆಯಲ್ಲಿ ಇದ್ದೀತು. ಹಳೆಯ ತಟ್ಟೆಗಳನ್ನು ಹುಡುಕಿ ಉಳಿಸುವ ಸಂಸ್ಥೆಗಳೂ ಈಗ ಉಂಟು. ಬೆಂಗಳೂರಿನಲ್ಲಿ 2019ರಿಂದ ಸಂಗೀತಕ್ಕೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಆದರೆ ಅಜ್ಜಿಯ ಆರತಿಯ ಹಾಡಿಗೆ, ಸೋಬಾನೆಗೆ, ಬೀಸುವ ಪದಕ್ಕೆ ಎರಡನೆಯ ಪ್ರತಿ ಎಲ್ಲಿದೆ? ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ಹೆಸರು ಬರೆಯದ ಸುರುಳಿಯೊಂದಿದ್ದರೆ, ಅದನ್ನು ಗುಜರಿಯವನಿಗೆ ಕೊಡುವ ಮುಂಚೆ ಒಮ್ಮೆ ಕೇಳಿ ನೋಡಬೇಕು. ಸುರುಳಿಯನ್ನು ಬಿಸಿಲು, ತೇವ, ಅಯಸ್ಕಾಂತಗಳಿಂದ ದೂರವಿಡಬೇಕು. ಅದರ ಮೇಲೆ ಮತ್ತೇನನ್ನೂ ತುಂಬದಂತೆ ಅಂಚಿನ ಎರಡು ಪುಟ್ಟ ಬಿಲ್ಲೆಗಳನ್ನು ಮುರಿದುಬಿಡಬೇಕು. ಅರಗಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಬೇಕು. ದೀರ್ಘವಾದನದ ಸಣ್ಣ ಮುಳ್ಳಿನಿಂದ ಅವುಗಳನ್ನು ನುಡಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬಲ್ಲವರಿಂದ ಪ್ರತಿ ಮಾಡಿಸಿ ಎರಡು ಕಡೆ ಇಡಬೇಕು. ಹಾಡಿದವರಾರು, ಯಾವ ಊರು, ಯಾವ ವರ್ಷವೆಂಬುದನ್ನು ಕಾಗದದಲ್ಲಿ ಬರೆದಿಡಬೇಕು. ಹಾಡಬಲ್ಲ ಹಿರಿಯರು ಮನೆಯಲ್ಲಿ ಈಗಲೂ ಇದ್ದರೆ, ಈ ವಾರವೇ ಅವರ ಮುಂದೆ ದೂರವಾಣಿಯನ್ನಿಟ್ಟು ಹಾಡಿಸಿಕೊಳ್ಳಬೇಕು. ಆ ಯಂತ್ರದಿಂದ ಇದಕ್ಕಿಂತ ಒಳ್ಳೆಯ ಸೇವೆಯಿಲ್ಲ.

ವಾರಕ್ಕೊಂದು ಸಂಜೆ, ಊಟಕ್ಕೆ ಮೊದಲು, ಕಿವಿಯ ಬಿರಡೆಗಳನ್ನೆಲ್ಲ ತೆಗೆದಿಟ್ಟು ಮನೆಮಂದಿಯೆಲ್ಲ ಕುಳಿತು ಒಂದೇ ಹಾಡನ್ನು ಕೇಳುವ ಪದ್ಧತಿಯನ್ನಿಡಬಹುದು. ಒಂದು ವಾರ ಹಿರಿಯರು ಆರಿಸಲಿ, ಮರುವಾರ ಮಕ್ಕಳು ಆರಿಸಲಿ. ಮಕ್ಕಳ ಆಯ್ಕೆಯನ್ನು ಹಿರಿಯರು ಮೂಗು ಮುರಿಯದೆ ಕೊನೆಯವರೆಗೂ ಕೇಳತಕ್ಕದ್ದು. ಹಾಗೆ ಕೇಳಿದಲ್ಲದೆ ತಮ್ಮದನ್ನು ಕೇಳೆನ್ನುವ ಅಧಿಕಾರ ಅವರಿಗೆ ಬರುವುದಿಲ್ಲ.

ಇನ್ನು ವಾಚಕರ ಸರದಿ. ತಾವು ಈಗ ಏನನ್ನು ಕೇಳುತ್ತಿದ್ದೀರೆಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಬೇಕೆಂದು ಪ್ರಾರ್ಥನೆ. ಹೆಸರು ಒಂದೇ ಇರಲಿ. ಅದರಲ್ಲಿ ಕೇಳಿಸಿದ್ದೇನೆಂಬುದು ಎರಡು ಮಾತಿನಲ್ಲಿರಲಿ. ಬಂದವುಗಳಲ್ಲಿ ಕೆಲವನ್ನು ಮುಂದಿನ ತಿಂಗಳು ಇದೇ ಪುಟದಲ್ಲಿ ಹಂಚಿಕೊಳ್ಳೋಣ.